ಪಾತ್ರೆಯ ಬೆಲೆ ಮತ್ತು ಪಾತ್ರೆಯ ಮೂಲ

ವಸ್ತುಸಂಗ್ರಹಾಲಯವೊಂದು ತಾನು ಕೊಂಡ ಕಲಾಕೃತಿಯನ್ನು ಪತ್ರಿಕೆಗಳ ಮೂಲಕ ಪ್ರಕಟಪಡಿಸುವುದು ತಪ್ಪಲ್ಲ. ಜನರ ಹೆಸರಿನಲ್ಲಿ ಸಂಗ್ರಹಿಸುವ ಸಂಸ್ಥೆಗೆ ಅದು ಕರ್ತವ್ಯವೇ ಸರಿ. ಆದರೆ ಆ ಪ್ರಕಟಣೆ ಏನನ್ನು ಹೇಳಬೇಕೆಂಬುದು ವಿಚಾರಾರ್ಹವಾದುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ ಎರಡು ಖರೀದಿಗಳನ್ನು ಹೋಲಿಸಿದರೆ ಇದು ವಿಶದವಾಗುತ್ತದೆ.

1961ರಲ್ಲಿ ಆ ಸಂಸ್ಥೆಯು ರೆಂಬ್ರಾಂಟನ ಅರಿಸ್ಟಾಟಲ್ ಚಿತ್ರವನ್ನು ಬಹಿರಂಗ ಹರಾಜಿನಲ್ಲಿ 23 ಲಕ್ಷ ಡಾಲರುಗಳಿಗೆ ಕೊಂಡಿತು. ಪತ್ರಿಕೆಗಳು ಬೆಲೆಯನ್ನೇ ಸಾರಿದವು. ಜನರು ತಂಡತಂಡವಾಗಿ ನೋಡಬಂದರು. ಈ ಕುತೂಹಲವು ಕಲೆಗಿಂತ ಹಣದ್ದೆಂದು ಆಕ್ಷೇಪಿಸಬಹುದು. ಆದರೂ, 1653ರಲ್ಲಿ ಸಿಸಿಲಿಯ ಆಂಟೋನಿಯೋ ರುಫೋ ಎಂಬ ಶ್ರೀಮಂತನಿಗಾಗಿ ಅದು ರಚಿತವಾಯಿತೆಂಬುದು ವಿದಿತವಾಗಿತ್ತು, ಮಾರಿದವರಾರೆಂಬುದೂ ಗುಟ್ಟಾಗಿರಲಿಲ್ಲ.

1972ರ ಸಂಗತಿ ಬೇರೆ. ಕ್ರಿ.ಪೂ. 515ರ ಸುಮಾರಿನಲ್ಲಿ ಗ್ರೀಕ್ ಚಿತ್ರಕಾರ ಯೂಫ್ರೋನಿಯಸ್ ಅಲಂಕರಿಸಿದ, ದ್ರಾಕ್ಷಾರಸಕ್ಕೆ ನೀರು ಬೆರೆಸುವ ಮಣ್ಣಿನ ಪಾತ್ರೆಯೊಂದನ್ನು ಸಂಗ್ರಹಾಲಯವು ಸುಮಾರು 10 ಲಕ್ಷ ಡಾಲರುಗಳಿಗೆ ಕೊಂಡಿತು. ಮಡಿದ ವೀರ ಸರ್ಪೆಡಾನನನ್ನು ನಿದ್ರೆ ಮತ್ತು ಮೃತ್ಯು ದೇವತೆಗಳು ಎತ್ತುತ್ತಿರುವ ಅದರ ಚಿತ್ರವು ಅನುಪಮವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನಿರ್ದೇಶಕ ಥಾಮಸ್ ಹೋವಿಂಗ್ ಅವರು ನವೆಂಬರಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ವಾರದ ಸಂಚಿಕೆಯ ಮೂಲಕ ಅದನ್ನು ಲೋಕಕ್ಕೆ ಪರಿಚಯಿಸಿದರು. ಸೌಂದರ್ಯ ವರ್ಣಿತವಾಯಿತು, ಮಾರಿದವನ ಹೆಸರು ಮಾತ್ರ ಹೊರಬರಲಿಲ್ಲ. ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಾಣಿಕೆಯನ್ನು ತಡೆಯುವ ಯುನೆಸ್ಕೋ ಒಡಂಬಡಿಕೆ 1970ರಲ್ಲಿಯೇ ಅಂಗೀಕೃತವಾಗಿದ್ದಿತು.

ಆ ಮೌನವನ್ನು ಮುರಿದದ್ದು ಅದೇ ಪತ್ರಿಕೆಯೇ. 1973ರ ಫೆಬ್ರವರಿಯಲ್ಲಿ ಅದರ ವರದಿಗಾರರು, ಪಾತ್ರೆಯು ಇಟಲಿಯ ಚೆರ್ವೆತೆರಿಯ ಬಳಿ 1971ರಲ್ಲಿ ಕದ್ದು ಅಗೆದ ಎಟ್ರಸ್ಕನ್ ಗೋರಿಯಿಂದ ಬಂದಿತೆಂಬ ವಾದವನ್ನು ಮುಂದಿಟ್ಟರು. ಬೈರೂತಿನ ಸಂಗ್ರಾಹಕನೊಬ್ಬನ ಹಳೆಯ ಸ್ವತ್ತೆಂಬ ಸಮರ್ಥನೆ ಬಹುಕಾಲ ನಡೆಯಿತು. ಕಡೆಗೆ 2006ರಲ್ಲಿ ಒಪ್ಪಂದವಾಗಿ, 2008ರಲ್ಲಿ ಪಾತ್ರೆಯು ಇಟಲಿಗೆ ಮರಳಿತು.

ಮಾರಾಟಗಾರನ ಗುಟ್ಟನ್ನು ಕಾಯದಿದ್ದರೆ ಮುಂದೆ ಉತ್ತಮ ವಸ್ತುಗಳು ದೊರೆಯಲಾರವೆಂಬ ವಾದವುಂಟು. ವ್ಯಾಪಾರಿಗೆ ಇದು ಒಪ್ಪಬಹುದು; ಚರಿತ್ರೆಗೆ ಒಪ್ಪದು. ಗ್ರೀಸಿನ ಪಾತ್ರೆಯನ್ನು ತನ್ನ ಗೋರಿಗೆ ಒಯ್ದ ಎಟ್ರಸ್ಕನನು ಯಾರು, ಅದರ ಪಕ್ಕದಲ್ಲಿ ಬೇರೇನಿದ್ದಿತು ಎಂಬುದನ್ನು ಕಳ್ಳನ ಗುದ್ದಲಿ ಅಳಿಸಿಹಾಕಿತು. ಪಾತ್ರೆ ಮರಳಿತು, ಆ ಜ್ಞಾನ ಮರಳಲಿಲ್ಲ.

ಆದುದರಿಂದ ಸಂಗ್ರಹಾಲಯದ ಪ್ರಕಟಣೆಯನ್ನೂ ನಾವು ಶಾಸನವನ್ನು ಓದುವಂತೆ ಓದಬೇಕು: ಕೆತ್ತಿದ ಅಕ್ಷರಗಳ ಜೊತೆಗೆ ಒಡೆದುಹೋದ ಭಾಗವನ್ನೂ ಗಮನಿಸಬೇಕು. ಬೆಲೆಯನ್ನು ಹೇಳಿ ಮೂಲವನ್ನು ಹೇಳದ ಸುದ್ದಿಯಲ್ಲಿ ನಮ್ಮ ವಿದ್ಯಾರ್ಥಿಗಳು ಮೊದಲು ಕೇಳಬೇಕಾದದ್ದು ಆ ಮೂಲವನ್ನೇ.