ಪ್ರಭುವಿನೊಡನೆ ವಾದ: ಬಾನು ಮುಷ್ತಾಕರ ಕಥೆಗಳು

ಹಾಸನದ ನ್ಯಾಯವಾದಿ, ಲೇಖಕಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾದವು. ಅವುಗಳಲ್ಲಿ ಕೆಲವನ್ನು ಮೂಲ ಕನ್ನಡದಲ್ಲಿ ಓದಿದೆವು. ಇವು ಅನ್ಯಸಮಾಜದ ಹೆಂಗಸರ ಗೋಳು, ನಮಗೇನು ಎಂದು ಕೈತೊಳೆದುಕೊಳ್ಳುವವರುಂಟು. ಆ ಮಾತು ಒಪ್ಪತಕ್ಕದ್ದಲ್ಲ.

'ಒಮ್ಮೆ ಹೆಣ್ಣಾಗು ಪ್ರಭುವೇ' ಕಥೆಯ ಪರಿತ್ಯಕ್ತೆ ಸೃಷ್ಟಿಕರ್ತನನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತನಾಡುತ್ತಾಳೆ. ಶರಣೆಯರ ವಚನಗಳನ್ನು ಬಲ್ಲವರಿಗೆ ಈ ಸಲಿಗೆ ಅಪರಿಚಿತವೆನಿಸದು. ಆದರೆ ಅಕ್ಕಮಹಾದೇವಿ ಕೌಶಿಕನನ್ನು ತೊರೆದು ಶ್ರೀಶೈಲದ ಹಾದಿ ಹಿಡಿದಳು. ಈ ಕಥೆಗಳ ತಾಯಂದಿರಿಗೆ ಕಂಕುಳಲ್ಲಿ ಕೂಸುಂಟು, ಹೊರಡಲು ಹಾದಿಯಿಲ್ಲ. 'ಎದೆಯ ಹಣತೆ'ಯ ಮೆಹರುನ್ ತವರಿಗೆ ಬಂದರೆ ಒಡಹುಟ್ಟಿದವರೇ ಹಿಂದಕ್ಕೆ ಕರೆತಂದು ಬಿಡುತ್ತಾರೆ. ಸೀಮೆಎಣ್ಣೆ ಸುರಿದುಕೊಂಡ ಆಕೆಯನ್ನು ತಡೆದು ಉಳಿಸುವವಳು ಹಿರಿಯ ಮಗಳು ಸಲ್ಮಾ, ಇನ್ನೂ ಹುಡುಗಿ. ಬಸವೇಶ್ವರನಗರ, ವಿಜಯನಗರಗಳ ನಮ್ಮ ಮನೆಗಳಲ್ಲಿ, ವಿಭೂತಿ ಧರಿಸಿದ ಹಿರಿಯರ ಸಮ್ಮುಖದಲ್ಲಿಯೇ, 'ಹೊಂದಿಕೊಂಡು ಹೋಗಮ್ಮ' ಎಂದು ಮಗಳನ್ನು ಮರಳಿ ಕಳುಹಿಸಿದ್ದಿಲ್ಲವೆ?

ಗಿರೀಶ ಕಾಸರವಳ್ಳಿಯವರ 'ಹಸೀನಾ' (2004) ಚಿತ್ರಕ್ಕೆ ಮೂಲವಾದ 'ಕರಿ ನಾಗರಗಳು' ಕಥೆಯಲ್ಲಿ, ನ್ಯಾಯ ಬೇಡಿ ಮಸೀದಿಯಲ್ಲಿ ಕುಳಿತ ಅಶ್ರಫಳ ಮೊರೆಯನ್ನು ಮುತವಲ್ಲಿ ಕೇಳಿಯೂ ಕೇಳದಂತಿರುತ್ತಾನೆ. ಮಠದ ಪತ್ರಿಕೆಗೆ ಬರೆಯುವಾಗ ಲೇಖನಿ ಇಲ್ಲಿ ಕ್ಷಣಕಾಲ ನಿಲ್ಲುತ್ತದೆ. ನ್ಯಾಯ ಹೇಳುವ ಪೀಠ ಯಾವುದಾದರೇನು?

ದೋಷವಿಲ್ಲವೆಂದಲ್ಲ. ಇದೇ ಕಥೆಯಲ್ಲಿ ಜುಲೇಖಾ ಸ್ತ್ರೀಯರ ಹಕ್ಕುಗಳನ್ನು ವಿವರಿಸುವ ಕಡೆ ಕಥೆಗಾರ್ತಿಯ ಮಾತನ್ನು ನ್ಯಾಯವಾದಿ ಕಸಿದುಕೊಂಡಂತೆ ತೋರುತ್ತದೆ. ಮುತವಲ್ಲಿಯ ಹೆಂಡತಿ ಅಮೀನಾ, ಗಂಡನ ಅಪ್ಪಣೆಗೆ ಕಾಯದೆ, ಇನ್ನು ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹೊರಟುಬಿಡುವಾಗ ಅಂಥ ವಿವರಣೆ ಒಂದೂ ಬೇಕಾಗಿಲ್ಲ.