ಅರ್ಧ ತುಂಬಿದ ಟ್ಯಾಂಕು, ಅರ್ಧ ಆಳ?

ಪ್ರೌಢಶಾಲೆಯ ಪಾಠಗಳಲ್ಲಿ ಆರ್ಕಿಮಿಡೀಸ್ ತತ್ತ್ವದ ಬೆನ್ನಿಗೇ ಜಲಾಂತರ್ಗಾಮಿ ಬರುತ್ತದೆ. ಟ್ಯಾಂಕುಗಳಿಗೆ ನೀರು ತುಂಬಿಸಿದರೆ ಮುಳುಗುತ್ತದೆ, ಸಂಪೀಡಿತ ಗಾಳಿಯಿಂದ ಆ ನೀರನ್ನು ಹೊರದೂಡಿದರೆ ತೇಲುತ್ತದೆ ಎಂಬಲ್ಲಿಗೆ ವಿವರಣೆ ಮುಗಿಯುತ್ತದೆ. ಹೇಳಿಕೆಯಲ್ಲಿ ತಪ್ಪಿಲ್ಲ, ಸಾಲದು ಅಷ್ಟೆ. ಟ್ಯಾಂಕು ಅರ್ಧ ತುಂಬಿದರೆ ನೌಕೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಿ ನೋಡಿ. 'ಅರ್ಧ ಆಳದಲ್ಲಿ' ಎಂಬ ಉತ್ತರ ಬಿ.ಎಸ್ಸಿ. ತರಗತಿಯಲ್ಲೂ ಬರುತ್ತದೆ.

ಪೂರ್ತಿ ಮುಳುಗಿದ ವಸ್ತುವಿನ ಮೇಲಿನ ಪ್ಲವನ ಬಲ ಆಳವನ್ನು ಅವಲಂಬಿಸಿಲ್ಲ. ವಸ್ತುವಿನ ಗಾತ್ರ, ನೀರಿನ ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಇಷ್ಟೇ ಲೆಕ್ಕಕ್ಕೆ ಬರುತ್ತವೆ. ತೂಕ ಈ ಬಲಕ್ಕಿಂತ ಒಂದು ಕಿಲೋಗ್ರಾಂನಷ್ಟು ಹೆಚ್ಚಿದ್ದರೂ ನೌಕೆ ಇಳಿಯುತ್ತಲೇ ಹೋಗುತ್ತದೆ. ಸಾಲದ್ದಕ್ಕೆ, ಕೆಳಗಿಳಿದಂತೆ ಒತ್ತಡ ಹೆಚ್ಚಿ ಉಕ್ಕಿನ ಒಡಲು ತುಸು ಕುಗ್ಗುತ್ತದೆ, ಪ್ಲವನ ಬಲ ಕಡಿಮೆಯಾಗುತ್ತದೆ, ಇಳಿತ ಇನ್ನಷ್ಟು ಚುರುಕಾಗುತ್ತದೆ. ಆದ್ದರಿಂದ ಮುಖ್ಯ ಬ್ಯಾಲಾಸ್ಟ್ ಟ್ಯಾಂಕುಗಳು ಆಳವನ್ನು ನಿರ್ಧರಿಸುವ ಸಾಧನಗಳಲ್ಲ. ಮುಳುಗುವಾಗ ಅವನ್ನು ಪೂರ್ತಿ ತುಂಬಿಸುತ್ತಾರೆ. ಆಳ ಕಾಯುವುದು ಚಲನೆಯಲ್ಲಿರುವಾಗ ಹೈಡ್ರೋಪ್ಲೇನ್ ಎಂಬ ಅಡ್ಡ ರೆಕ್ಕೆಗಳ ಕೆಲಸ. ಸಣ್ಣಪುಟ್ಟ ವ್ಯತ್ಯಾಸ ಸರಿಪಡಿಸುವುದು ಟ್ರಿಮ್ ಟ್ಯಾಂಕುಗಳ ಕೆಲಸ. ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಬಾಟಲಿ, ಕೊಳವೆ, ಸಿರಿಂಜುಗಳಿಂದ ಮಾಡಿದ ಮಾದರಿ ಇಡುತ್ತಾರಲ್ಲ, ಅದನ್ನು ತೊಟ್ಟಿಯ ನಡುಮಟ್ಟದಲ್ಲಿ ಒಂದು ನಿಮಿಷ ನಿಲ್ಲಿಸಿ ತೋರಿಸಲು ಹೇಳಿದರೆ ಸಾಕು, ಕಷ್ಟ ಏನೆಂಬುದು ಮಾಡಿದವರಿಗೇ ತಿಳಿಯುತ್ತದೆ. ಬಹುಮಾನ ಮಾತ್ರ ಮುಳುಗಿ ಎದ್ದದ್ದಕ್ಕೇ ಸಿಗುತ್ತದೆ.

ಈ ಪಾಠಕ್ಕೆ ಉದಾಹರಣೆಯಾಗಿ ದೊಡ್ಡ ನೌಕೆಗಳನ್ನೇ ತೋರಿಸುವುದು ನನಗೆ ಸರಿಕಾಣುವುದಿಲ್ಲ. ವಿಶಾಖಪಟ್ಟಣದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ 'ಕುರ್ಸುರಾ' ಸುಮಾರು 91 ಮೀಟರ್ ಉದ್ದದ್ದು. ನೋಡಿ ಬೆರಗಾಗಬಹುದು, ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಲು ಮನಸ್ಸು ಬಾರದು. ಎರಡನೆಯ ಮಹಾಯುದ್ಧದ ಕಾಲದ ಪುಟ್ಟ ಕರಾವಳಿ ಜಲಾಂತರ್ಗಾಮಿಗಳು ಹಾಗಲ್ಲ. ಜರ್ಮನಿಯ 23ನೆಯ ಮಾದರಿಯನ್ನು ತೆಗೆದುಕೊಳ್ಳಿ. ಉದ್ದ 34.7 ಮೀಟರ್, ಎರಡೇ ಟಾರ್ಪೆಡೊ. ಅವನ್ನೂ ಹೊರಗಿನಿಂದಲೇ ತುಂಬಬೇಕು. ನೀರಿನ ಮೇಲೆ ಸುಮಾರು 9.7 ನಾಟ್, ನೀರಿನೊಳಗೆ 12.5 ನಾಟ್ ವೇಗ. ಒಳಗೇ ಹೆಚ್ಚು ವೇಗ ಎಂಬುದನ್ನು ಗಮನಿಸಿ, ಒಡಲಿನ ಆಕಾರವನ್ನು ಅದಕ್ಕೆಂದೇ ರೂಪಿಸಿದ್ದರು. ನಮಗೆ ಬೇಕಾದ ಅಂಕಿಗಳು ಇನ್ನೆರಡು: ತೇಲುವಾಗ ಅದು ಪಲ್ಲಟಗೊಳಿಸುವ ನೀರು 234 ಟನ್, ಮುಳುಗಿದಾಗ 258 ಟನ್.

ವ್ಯತ್ಯಾಸ 24 ಟನ್. ತೇಲುತ್ತಿರುವ ನೌಕೆಯ ಮೀಸಲು ಪ್ಲವನತೆ ಇಷ್ಟೇ, ಸುಮಾರು ಶೇಕಡಾ 10. ಮುಡುಕುತೊರೆ ಬೆಟ್ಟದ ಬುಡದಲ್ಲಿ ಕಾವೇರಿಯ ಮೇಲೆ ಹರಿಗೋಲಿನಲ್ಲಿ ಕುಳಿತವರು ಇದನ್ನು ಕಣ್ಣಳತೆಯಲ್ಲೇ ಬಲ್ಲರು. ಒಬ್ಬೊಬ್ಬರು ಹತ್ತಿದಂತೆ ಅಂಚು ನೀರಿಗೆ ಹತ್ತಿರವಾಗುತ್ತದೆ. ಅಂಚಿಗೂ ನೀರಿಗೂ ಉಳಿದಿರುವ ಆ ಗೇಣು ಜಾಗವೇ ಮೀಸಲು. ಅಂಬಿಗ 'ಇನ್ನು ಸಾಕು' ಎನ್ನುವುದು ಅದನ್ನು ನೋಡಿಯೇ. ಪಠ್ಯಗಳಲ್ಲಿ ತೇಲುವಿಕೆಯ ನಿಯಮ ಇದೆ, ಈ ಮೀಸಲಿನ ಮಾತಿಲ್ಲ.

ಮಾತು ಬರಿಯ ಪರಿಭಾಷೆಯದಲ್ಲ. 1945ರಲ್ಲಿ ಮುಳುಗಿದ್ದ ಇದೇ ಮಾದರಿಯ ಒಂದು ನೌಕೆಯನ್ನು ಪಶ್ಚಿಮ ಜರ್ಮನಿ 1956ರಲ್ಲಿ ಮೇಲೆತ್ತಿಸಿ, ದುರಸ್ತಿ ಮಾಡಿ, 1957ರಲ್ಲಿ 'ಹೈ' ಎಂಬ ಹೆಸರಿನಿಂದ ಸೇವೆಗೆ ಸೇರಿಸಿತು. 1966ರ ಸೆಪ್ಟೆಂಬರ್ 14ರಂದು ಉತ್ತರ ಸಮುದ್ರದ ಬಿರುಗಾಳಿಯಲ್ಲಿ ಅದರ ಎಂಜಿನ್ ಕೋಣೆಗೆ ನೀರು ನುಗ್ಗಿತು. ಒಳಗಿದ್ದ 20 ಜನರಲ್ಲಿ ಬದುಕುಳಿದವನು ಒಬ್ಬನೇ. ನೌಕೆ ಆಗ ನೀರಿನ ಮೇಲೆಯೇ ಇತ್ತು ಎಂಬುದನ್ನು ಮರೆಯಬಾರದು. ಮೂಲ ವಿನ್ಯಾಸದ ಅಂಕಿಗಳನ್ನೇ ಹಿಡಿದರೆ, 24 ಟನ್ ಎಂದರೆ 4 ಮೀಟರ್ ಉದ್ದ, 3 ಮೀಟರ್ ಅಗಲ, 2 ಮೀಟರ್ ಎತ್ತರದ ಒಂದು ಕೋಣೆಯಷ್ಟು ನೀರು. ತೇಲುವಾಗ ಬ್ಯಾಲಾಸ್ಟ್ ಟ್ಯಾಂಕುಗಳು ಹೇಗೂ ಖಾಲಿಯೇ. 'ನೀರು ಹೊರದೂಡಿದರೆ ತೇಲುತ್ತದೆ' ಎಂದು ಕಲಿತ ಹುಡುಗನನ್ನು ಕೇಳಿ, ಇಲ್ಲಿ ಹೊರದೂಡಲು ಯಾವ ನೀರಿದೆ?

ಸಾಂದ್ರತೆಯ ವಿಷಯವೂ ಹೀಗೆಯೇ. ಸಮುದ್ರದ ನೀರಿನ ಸಾಪೇಕ್ಷ ಸಾಂದ್ರತೆ 1.025 ಎಂದು ಬಾಯಿಪಾಠ ಮಾಡಿಸುತ್ತೇವೆ. ಕಾರವಾರದ ಬಳಿ ಕಾಳಿ ನದಿ ಕಡಲು ಸೇರುತ್ತದೆ. ಕಡಲಿನಲ್ಲಿ ತೂಕ ಸರಿತೂಗಿಸಿಕೊಂಡು ಮುಳುಗಿರುವ 258 ಟನ್ನಿನ ನೌಕೆ ಹಾಗೆಯೇ ಸಿಹಿನೀರಿಗೆ ಬಂತೆನ್ನಿ. ಅದರ ಗಾತ್ರ 251.7 ಘನ ಮೀಟರ್, ಈಗ ಪಲ್ಲಟವಾಗುವ ನೀರು 251.7 ಟನ್ ಮಾತ್ರ. ಏನೂ ಹೇರದೆ 6.3 ಟನ್ ಹೊರೆ ಬಂದಂತಾಯಿತು.

ಬ್ರಿಟನ್ನಿನ ಎಕ್ಸ್ ನೌಕೆಗಳು ಇನ್ನೂ ಪುಟ್ಟವು: ಮುಳುಗಿದಾಗ 30 ಟನ್, ಸಿಬ್ಬಂದಿ ನಾಲ್ವರು. 1943ರ ಸೆಪ್ಟೆಂಬರ್ 22ರಂದು ಇವುಗಳಲ್ಲಿ ಎರಡು ನಾರ್ವೆಯ ಕಡಲಚಾಚಿನೊಳಗೆ ನುಸುಳಿ 'ಟಿರ್ಪಿಟ್ಸ್' ಯುದ್ಧನೌಕೆಯ ಕೆಳಗೆ ಸ್ಫೋಟಕ ಇಟ್ಟವು. ಸಾಹಸದ ಕಥೆಯಾಗಿ ಇದು ಪ್ರಸಿದ್ಧ. ಅಂಥ ಕಡಲಚಾಚುಗಳಲ್ಲಿ ಹಿಮ ಕರಗಿದ ಸಿಹಿನೀರು ಉಪ್ಪುನೀರಿನ ಮೇಲೆ ಪದರವಾಗಿ ನಿಲ್ಲುವುದರಿಂದ ತೂಕದ ಲೆಕ್ಕ ಮತ್ತೆ ಮತ್ತೆ ಕೆಡುತ್ತದೆ ಎಂಬುದನ್ನು ಹೇಳುವವರು ಕಡಿಮೆ. 30 ಟನ್ನಿಗೆ ವ್ಯತ್ಯಾಸ ಸುಮಾರು 730 ಕಿಲೋಗ್ರಾಂ, ಹತ್ತು ಜನರ ತೂಕ! ಮುಳುಗುಗಾರ ಹೊರಹೋಗುವ ಪುಟ್ಟ ಕೋಣೆಗೆ ನೀರನ್ನು ಹೊರಗಿನ ಕಡಲಿನಿಂದ ಬಿಟ್ಟುಕೊಳ್ಳದೆ ನೌಕೆಯೊಳಗಿನ ಟ್ಯಾಂಕಿನಿಂದಲೇ ಪಂಪ್ ಮಾಡುತ್ತಿದ್ದರು. ಏಕೆ ಎಂಬುದು ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಗೆ ಎರಡು ಅಂಕದ ಒಳ್ಳೆಯ ಪ್ರಶ್ನೆ. 'ಜಲಾಂತರ್ಗಾಮಿಯು ಯಾವ ತತ್ತ್ವದ ಮೇಲೆ ಕೆಲಸ ಮಾಡುತ್ತದೆ?' ಎಂಬುದನ್ನು ಅದಕ್ಕಾಗಿ ಕೈಬಿಡಬಹುದು.