ಡಬ್ಬಿಯ ಕೀರ್ತಿ, ಸೌಟಿನ ಸತ್ಯ

ಸಾಸ್ವೆಹಳ್ಳಿಯ ಕಡೆ ಈಗ ಬಸುರಿಯ ಕುಬುಸಕ್ಕೆ ಬರುವವರು ಸೀರೆ, ಹಣ್ಣು, ಸಿಹಿಯ ಜೊತೆಗೆ ಪ್ರೋಟೀನ್ ಪುಡಿಯ ಡಬ್ಬಿಯನ್ನೂ ತರುವುದುಂಟು. ತಂದವರಿಗೂ ಹೆಮ್ಮೆ, ಪಡೆದವರಿಗೂ ಹೆಮ್ಮೆ. ಅದೇ ಊರುಗಳ ಅಂಗನವಾಡಿಗಳಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಬಡಿಸಲು 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯ ಊಟಕ್ಕೆ ಈ ಮರ್ಯಾದೆ ಎಂದೂ ದಕ್ಕಲಿಲ್ಲ. ಅದು ಇಲ್ಲದವರ ಊಟ ಎನಿಸಿಕೊಂಡಿತು. ಡಬ್ಬಿಗೆ ಯೋಗ್ಯತೆಗೆ ಮೀರಿದ ಕೀರ್ತಿ ಬಂದಿದೆ, ಊಟಕ್ಕೆ ಅನ್ಯಾಯವಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ಕಷ್ಟದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪ್ರಮಾಣದಂತೆ, 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಸಾಕು. ಬಸುರಿಗೆ ನಡುವಿನ ಮೂರು ತಿಂಗಳು ಅದರ ಮೇಲೆ 9.5 ಗ್ರಾಂ, ಕೊನೆಯ ಮೂರು ತಿಂಗಳು 22 ಗ್ರಾಂ ಸೇರಬೇಕು. ಅಂದರೆ ದಿನ ತುಂಬುವ ಹೊತ್ತಿಗೆ 68 ಗ್ರಾಂ. ಈಗ ಡಬ್ಬಿಯ ಬೆನ್ನು ಓದಿ. ನೂರು ಗ್ರಾಂ ಪುಡಿಯಲ್ಲಿ 30 ಗ್ರಾಂ ಪ್ರೋಟೀನ್ ಎಂದಿದ್ದರೆ, ಒಂದು ಹೊತ್ತಿಗೆ ಹಾಲಿಗೆ ಬೆರೆಸುವ 20 ಗ್ರಾಂ ಪುಡಿಯಿಂದ ಸಿಗುವುದು 6 ಗ್ರಾಂ. ಒಂದು ಕೋಳಿಮೊಟ್ಟೆಯಲ್ಲಿರುವುದೂ ಅಷ್ಟೇ.

‘ಜಾಸ್ತಿಯಾದರೆ ಒಳ್ಳೆಯದೇ ತಾನೇ’ ಎನ್ನುವವರು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನಡೆದ ಪ್ರಯೋಗವನ್ನು ತಿಳಿಯಬೇಕು. ಡೇವಿಡ್ ರಶ್, ಝೀನಾ ಸ್ಟೈನ್, ಮರ್ವಿನ್ ಸಸರ್ ಅದರ ಫಲಿತಾಂಶವನ್ನು 1980ರಲ್ಲಿ ಪ್ರಕಟಿಸಿದರು. ಬಡ ಗರ್ಭಿಣಿಯರ ಒಂದು ಗುಂಪಿಗೆ ದಿನಕ್ಕೆ 40 ಗ್ರಾಂ ಪ್ರೋಟೀನಿನ ಪಾನೀಯ, ಇನ್ನೊಂದಕ್ಕೆ 6 ಗ್ರಾಂನದು. ಹೆಚ್ಚು ಪ್ರೋಟೀನಿನ ಗುಂಪಿನಲ್ಲೇ ತೀರಾ ಮುಂಚಿನ ಹೆರಿಗೆಗಳೂ ನವಜಾತ ಶಿಶುಗಳ ಸಾವೂ ಹೆಚ್ಚು ಕಂಡವು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದೂ ಇದೇ ದಾರಿಯ ಮಾತು: ಊಟ ಸಾಲದ ಕಡೆ ಶಕ್ತಿಯೂ ಪ್ರೋಟೀನೂ ಹದವಾಗಿ ಸೇರಿದ ಆಹಾರ ಕೊಡಿ, ಪ್ರೋಟೀನೊಂದನ್ನೇ ಏರಿಸಬೇಡಿ. ಕಾರಣ ಸರಳ. ಹೊಟ್ಟೆ ತುಂಬದಿದ್ದರೆ ಮೈ ಪ್ರೋಟೀನನ್ನೇ ಸೌದೆ ಮಾಡಿಕೊಂಡು ಉರಿಸುತ್ತದೆ. ಮಗುವಿನ ಮೈಗೆ ಅದು ಹೋಗುವುದಿಲ್ಲ. ವಾಂತಿಯಿಂದ ಏನೂ ನಿಲ್ಲದವರಿಗೆ ವೈದ್ಯರು ಪುಡಿ ಬರೆದುಕೊಟ್ಟರೆ ಅದು ಬೇರೆ ಮಾತು.

ಮಾತೃಪೂರ್ಣದ ತಟ್ಟೆಯಲ್ಲಿ ಈ ಹದ ಇದೆ. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ನೂರೈವತ್ತು ಗ್ರಾಂ ಅಕ್ಕಿಯಿಂದ 11 ಗ್ರಾಂ, ಮೊಟ್ಟೆಯಿಂದ 6, ದೊಡ್ಡ ಲೋಟ ಹಾಲಿನಿಂದ 6, ಚಿಕ್ಕಿಯಿಂದ ನಾಲ್ಕು, ಮೂವತ್ತು ಗ್ರಾಂ ಬೇಳೆ ನಿಜವಾಗಿ ತಟ್ಟೆಗೆ ಬಿದ್ದರೆ ಆರೂವರೆ. ಒಟ್ಟು 34ರ ಆಸುಪಾಸು. ಇಡೀ ದಿನದ ಅರ್ಧ ಪಾಲು ಒಂದೇ ಊಟದಲ್ಲಿ.

‘ನಿಜವಾಗಿ ಬಿದ್ದರೆ’ ಎಂದೆನಲ್ಲ, ನನ್ನ ತಕರಾರು ಅಲ್ಲೇ. ಮೊಟ್ಟೆಯನ್ನು ಎಣಿಸಬಹುದು, ಬೇಳೆಯನ್ನು ಎಣಿಸಲಾಗದು. ಬೆಂದ ಬೇಳೆ ಪಾತ್ರೆಯ ತಳಕ್ಕೆ ಕೂರುತ್ತದೆ. ಕಲಕದೆ ಮೇಲಿಂದ ಸೌಟು ಅದ್ದಿದರೆ ಬರುವುದು ತಿಳಿ: ಹುಳಿ, ಖಾರ, ಒಗ್ಗರಣೆಯ ಕರಿಬೇವು. ಮೊದಲು ಬಂದವಳಿಗೆ ತಿಳಿ, ಕೊನೆಯವಳಿಗೆ ಗಟ್ಟಿ. ಇಬ್ಬರೂ ಸಾಂಬಾರು ಉಂಡವರೆಂದೇ ಪುಸ್ತಕದಲ್ಲಿ ಸಹಿ. ಅನ್ನದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ. ಅದನ್ನು ತುಂಬಿಕೊಡುವುದರಲ್ಲಿ ಮೊಟ್ಟೆ, ಹಾಲಿನ ಜೊತೆ ಬೇಳೆಗೂ ಪಾಲಿದೆ. ಬೇಳೆ ತಪ್ಪಿದರೆ ಆ ಪಾಲೂ ಹೋಯಿತು, ಆರೂವರೆ ಗ್ರಾಂ ಪ್ರೋಟೀನೂ ಹೋಯಿತು. ಯೋಜನೆಯ ಮಹತ್ವ ನಿಂತಿರುವುದು ಸಹಾಯಕಿಯ ಕೈಯ ಆ ಒಂದು ತಿರುವಿನಲ್ಲಿ. ಅದನ್ನು ಯಾರೂ ಅವಳಿಗೆ ಹೇಳಿಕೊಡುವುದಿಲ್ಲ.

ಯೋಜನೆಯ ಟೀಕಾಕಾರರು ಸೌಟಿನ ಹತ್ತಿರಕ್ಕೂ ಬರಲಿಲ್ಲ. ಅವರು ಹಾಜರಿ ಎಣಿಸಿ ತೀರ್ಪು ಕೊಟ್ಟರು: ಹೆಂಗಸರು ಬರುತ್ತಿಲ್ಲ, ದಿನಸಿಯನ್ನು ಮನೆಗೇ ಕೊಡಿ. ಅವರ ಮಾತಿನಲ್ಲಿ ಹುರುಳಿದೆ. ಮಲೆನಾಡಿನ ಒಂಟಿಮನೆಯಿಂದ ಏಳು ತಿಂಗಳ ಬಸುರಿ ದಿನಾ ನಡೆದು ಬರಲಾರಳು. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವವಳು ಮಧ್ಯಾಹ್ನ ಕೆಲಸ ಬಿಟ್ಟರೆ ಕೂಲಿ ಹೋಗುತ್ತದೆ. ಆದರೆ ಮನೆಗೆ ಹೋದ ಬೇಳೆ ಯಾರ ತಟ್ಟೆಗೆ ಹೋಯಿತು ಎಂಬ ಪ್ರಶ್ನೆಯನ್ನು ಅವರು ಕೇಳುವುದೇ ಇಲ್ಲ. ಮನೆಯ ಒಲೆಗೆ ಬಿದ್ದದ್ದು ಗಂಡ, ಅತ್ತೆ, ಮೈದುನ, ಮಕ್ಕಳಿಗೆಲ್ಲ ಹಂಚಿಹೋಗಿ, ಕೊನೆಗೆ ಉಣ್ಣುವ ಸೊಸೆಗೆ ಉಳಿದಷ್ಟು. ಜೊತೆಗೆ ‘ಜಾಸ್ತಿ ಉಂಡರೆ ಮಗು ದಪ್ಪಾಗಿ ಹೆರಿಗೆ ಕಷ್ಟ ಆಗುತ್ತೆ ಕಣವ್ವಾ’ ಎಂಬ ಹಿರಿಯರ ಬುದ್ಧಿಮಾತು. 2013ರಲ್ಲಿ ಆಂಧ್ರ, 2015ರಲ್ಲಿ ತೆಲಂಗಾಣ ಅಂಗನವಾಡಿಯಲ್ಲೇ ಕೂರಿಸಿ ಬಡಿಸುವ ದಾರಿ ಹಿಡಿದದ್ದು ಇದಕ್ಕೇ. ಹಾಜರಿ ಕಡಿಮೆಯಾದರೆ ಹೊತ್ತು ಬದಲಿಸಿ, ನಡೆಯಲಾರದವಳಿಗೆ ಬೇಯಿಸಿದ್ದನ್ನೇ ಮುಟ್ಟಿಸಿ. ಕೂತು ಉಣ್ಣುವ ಹಕ್ಕನ್ನೇ ಕಿತ್ತುಕೊಳ್ಳಬೇಡಿ. ಇನ್ನು ಮೊಟ್ಟೆಯನ್ನು ಮಡಿಯ ವಿಷಯ ಮಾಡಿದವರಿಗೆ ಉತ್ತರ ಮೊಳಕೆಕಾಳಿನ ಬಟ್ಟಲಲ್ಲೇ ಇದೆ.

ದಿನದ 68ರಲ್ಲಿ ಉಳಿದ 34 ಗ್ರಾಂ ಮನೆಯಲ್ಲಿ ಸಿಗಬೇಕು. ಜಗಳೂರಿನ ಶೇಂಗಾ, ರಾಗಿಮುದ್ದೆ, ಹುರುಳಿಕಾಳು, ಸೂಳೆಕೆರೆಯ ಮೀನು, ಮನೆಯ ಮೊಸರು, ಇವುಗಳಲ್ಲಿ ಎರಡು ಮೂರು ಸೇರಿದರೆ ಸಿಗುತ್ತದೆ. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಪ್ರೋಟೀನ್. ಕಟ್ಟು ಬಸಿದು ಸಾರು ಮಾಡುವವರು ಬೆಂದ ಕಾಳನ್ನು ದನಕ್ಕೆ ಹಾಕದೆ ಉಸಲಿ ಮಾಡಿ ಬಸುರಿಗೆ ಕೊಡಲಿ. ಪ್ರೋಟೀನಿನ ಬಹುಪಾಲು ಉಳಿಯುವುದು ಕಾಳಿನಲ್ಲಿ.

ಇಲಾಖೆಯಿಂದ ಬೇಕಾದದ್ದು ಹೆಚ್ಚೇನಲ್ಲ. ಅಂಗನವಾಡಿಯ ಗೋಡೆಯ ಮೇಲೆ ಮೊಟ್ಟೆಯ ಪಕ್ಕದಲ್ಲಿ ತಲೆಗೆ ಎಷ್ಟು ಗ್ರಾಂ ಬೇಳೆ ಎಂಬುದನ್ನೂ ದಪ್ಪಕ್ಷರದಲ್ಲಿ ಬರೆಸಲಿ, ಬೇಳೆಯನ್ನು ಬಸುರಿಯರ ಎದುರೇ ತೂಗಲಿ, ಬಡಿಸುವ ಮುನ್ನ ಪಾತ್ರೆಯನ್ನು ತಳದಿಂದ ಕಲಕಲಿ.